ಏಳು ಲಕ್ಷ ಹತ್ತು ಸಾವಿರದ ಮಾತು

ಶಹಾಬಾದ
22 ಏಪ್ರಿಲ್ 2024, ಸೋಮವಾರ

ವ್ಯವಸ್ಥಾಪಕರು,
ನವಮಿ ಟ್ರ್ಯಾಕ್ಟರ್ಸ್, ಸೇಡಂ

ನೀವು ನಮ್ಮ ಅಪ್ಪನಿಂದ ಹತ್ತೊಂಬತ್ತು ಸಾವಿರ ರೂಪಾಯಿ ಸುಲಿಯಲು ಹೊರಟಿದ್ದೀರಿ. ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಅಪ್ಪನ ಹೆಸರು ಹಣಮಂತರಾಯ, ಊರು ಚಿಂಚೋಳಿ ತಾಲೂಕಿನ ಸುಲೇಪೇಟ. ಇದೇ ಹದಿನೈದನೇ ತಾರೀಖು ನಿಮ್ಮಲ್ಲಿಗೆ ಬಂದು ನಲವತ್ತೈದು ಎಚ್‌ಪಿ ಟ್ರ್ಯಾಕ್ಟರ್ ಬುಕ್ ಮಾಡಿ ಒಂದು ಲಕ್ಷ ಮುಂಗಡ ಕೊಟ್ಟಿದ್ದಾರೆ. ಅದು ನಮ್ಮ ಮನೆಯ ಜೋಡೆತ್ತು ಮಾರಿ ಬಂದ ಹಣ. ಉಳಿದದ್ದು ಈ ಸಲದ ತೊಗರಿಯ ಹಣ, ಬ್ಯಾಂಕಿನಲ್ಲಿದೆ. ನೀವು ಕೊಟ್ಟ ಕೊಟೇಶನ್ ಕಾಗದದ ಫೋಟೋವನ್ನು ಅವ್ವ ಪಕ್ಕದ ಮನೆಯವರ ಫೋನಿನಿಂದ ನನಗೆ ಕಳಿಸಿದ್ದಾಳೆ. ಶೋರೂಮ್ ಬೆಲೆ ಏಳು ಲಕ್ಷ ಹತ್ತು ಸಾವಿರ. ಅದರ ಕೆಳಗೆ ನೋಂದಣಿ ಹನ್ನೆರಡು ಸಾವಿರ, ವಿಮೆ ಹದಿನೇಳೂವರೆ ಸಾವಿರ, ಹ್ಯಾಂಡ್ಲಿಂಗ್ ಒಂಬತ್ತೂವರೆ ಸಾವಿರ, ಫೈಲ್ ಚಾರ್ಜ್ ನಾಲ್ಕೂವರೆ ಸಾವಿರ, ಡೆಲಿವರಿ ತಯಾರಿ ಐದು ಸಾವಿರ. ಒಟ್ಟು ಏಳು ಲಕ್ಷ ಐವತ್ತೆಂಟು ಸಾವಿರದ ಐನೂರು.

ನೋಂದಣಿಯ ಹಣ ಸರ್ಕಾರಕ್ಕೆ ಹೋಗುತ್ತದೆ, ವಿಮೆಯದು ವಿಮೆ ಕಂಪನಿಗೆ. ಉಳಿದ ಮೂರು ಯಾರಿಗೆ? ನೀವು ಮಾರುವ ವಸ್ತುವನ್ನು ನಿಮ್ಮದೇ ಅಂಗಳದಲ್ಲಿ ಲಾರಿಯಿಂದ ಇಳಿಸಿಕೊಂಡದ್ದಕ್ಕೆ ಕೊಳ್ಳುವವನು ಏಕೆ ಕೂಲಿ ಕೊಡಬೇಕು? ಫೈಲ್ ಚಾರ್ಜ್ ಎಂದರೆ ಸಾಲದ ಕಾಗದಪತ್ರದ ಖರ್ಚು. ಅಪ್ಪ ಸಾಲವನ್ನೇ ಮಾಡುತ್ತಿಲ್ಲ. ಇಲ್ಲದ ಸಾಲದ ಫೈಲು ಯಾವ ಕಪಾಟಿನಲ್ಲಿದೆ? ಡೆಲಿವರಿ ತಯಾರಿ ಎಂದರೆ ತೊಳೆದು, ಎಣ್ಣೆ ನೋಡಿ, ಗಾಳಿ ತುಂಬಿ ಕೊಡುವುದಂತೆ. ಹೊಸ ವಸ್ತುವನ್ನು ತೊಳೆದು ಕೊಟ್ಟದ್ದಕ್ಕೆ ಐದು ಸಾವಿರ ಕೇಳುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಶಹಾಬಾದ ಬಸ್ ನಿಲ್ದಾಣದ ಎದುರು ಇಸಾಕ ಎಂಬವರ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಯೂನಿಯನ್ನಿನವರು, ರೈತ ಸಂಘದವರು, ಗ್ರಾಹಕ ವೇದಿಕೆಯವರು ಕರಪತ್ರ ಮಾಡಿಸಲು ಇಲ್ಲಿಗೇ ಬರುತ್ತಾರೆ. ಪ್ರತಿಯೊಂದರದೂ ಒಂದು ಪ್ರತಿ ನನ್ನ ಬಳಿ ಇದೆ, ಎಲ್ಲವನ್ನೂ ಓದಿದ್ದೇನೆ. ಅವು ಕಲಿಸಿದ ಮೊದಲ ಪಾಠ ಇದು: ಕಾಗದದ ಮೇಲೆ ಇಲ್ಲದ ಮಾತು ಮಾತೇ ಅಲ್ಲ. ಆದ್ದರಿಂದ ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ. ಅಂಚೆಯಲ್ಲಿ ಉತ್ತರಿಸಿ. ಆ ಮೂರು ಸಾಲುಗಳನ್ನು ಹೊಡೆದುಹಾಕಿದ ಹೊಸ ಕೊಟೇಶನ್ ಬೇಕು.

ಜಯಮಾಲಾ ಹಣಮಂತರಾಯ


ಸೇಡಂ
27 ಏಪ್ರಿಲ್ 2024, ಶನಿವಾರ

ನಮ್ಮ ಗೌರವಾನ್ವಿತ ಗ್ರಾಹಕರ ಮಗಳಾದ ಕುಮಾರಿ ಜಯಮಾಲಾ ಅವರಿಗೆ,

ತಮ್ಮ ಪತ್ರ ತಲುಪಿತು. ಎರಡು ಸಲ ಫೋನ್ ಮಾಡಿದೆ, ತಾವು ಹೇಳಿದಂತೆಯೇ ಎತ್ತಲಿಲ್ಲ. ಸಂತೋಷ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಟ್ರ್ಯಾಕ್ಟರ್ ಮಾರಲು ಅಂಚೆ ಕಚೇರಿಗೆ ಹೋದದ್ದು ಇದೇ ಮೊದಲು.

ಸುಲಿಗೆ ಎಂಬ ಪದ ದೊಡ್ಡದಾಯಿತು. ಕಂಪನಿಯ ಬೆಲೆ ಏಳು ಲಕ್ಷ ಮೂವತ್ತೈದು ಸಾವಿರ. ತಮ್ಮ ತಂದೆಯವರ ವಯಸ್ಸು, ಮಾತು ನೋಡಿ ಇಪ್ಪತ್ತೈದು ಸಾವಿರ ಬಿಟ್ಟಿದ್ದೇವೆ. ಅದು ತಮ್ಮ ಕಣ್ಣಿಗೆ ಬೀಳಲಿಲ್ಲ, ಒಂಬತ್ತೂವರೆ ಸಾವಿರ ಬಿತ್ತು. ಹ್ಯಾಂಡ್ಲಿಂಗ್ ಎಲ್ಲ ಕಡೆಯೂ ಇದೆ. ನಾವು ಬರೆದು ತೋರಿಸುತ್ತೇವೆ, ಬೇರೆಯವರು ಬೆಲೆಯೊಳಗೆ ಬಚ್ಚಿಡುತ್ತಾರೆ. ವ್ಯತ್ಯಾಸ ಅಷ್ಟೇ.

ತಮ್ಮ ತಂದೆಯವರಿಗೆ ಯಾರೂ ಮೋಸ ಮಾಡಲಿಲ್ಲ. ನಮ್ಮ ಫೀಲ್ಡ್ ನೌಕರ ಭೀಮಶ್ಯಾನ ಜೊತೆ ಹೊರಗೆ ಮುಕ್ಕಾಲು ಗಂಟೆ ಕೂತು ಬೆಲೆ ಮಾತಾಡಿದರು. ನಗುತ್ತಲೇ ಒಳಗೆ ಬಂದರು, ಎರಡು ಸಲ ಚಹಾ ಕುಡಿದರು, ಕೊಟೇಶನ್ ಮೇಲೆ ತಮ್ಮ ಕೈಯಾರೆ ಕನ್ನಡದಲ್ಲಿ ಸಹಿ ಮಾಡಿದರು. ತಾವು ಶಹಾಬಾದದಲ್ಲಿ ಕೂತು ಫೋಟೋ ನೋಡಿದ್ದೀರಿ. ನಾವು ಅವರ ಮುಖ ನೋಡಿದ್ದೇವೆ.

ಕರಪತ್ರ ಓದುವುದು ಒಳ್ಳೆಯ ಹವ್ಯಾಸ. ಆದರೆ ಹೊಲದಲ್ಲಿ ಟ್ರ್ಯಾಕ್ಟರ್ ಡೀಸೆಲ್ ಮೇಲೆ ನಡೆಯುತ್ತದೆ.

ತಮ್ಮ ವಿಶ್ವಾಸಿ,
ರಘುವೀರ, ವ್ಯವಸ್ಥಾಪಕ


ಶಹಾಬಾದ
1 ಮೇ 2024, ಬುಧವಾರ

ರಘುವೀರ ಅವರಿಗೆ,

ಇಂದು ಕಾರ್ಮಿಕ ದಿನ. ಬೆಳಿಗ್ಗೆಯಿಂದ ಎರಡು ಸಾವಿರ ಕರಪತ್ರ ತೆಗೆದು ನನ್ನ ಬೆರಳೆಲ್ಲ ಮಸಿಯಾಗಿದೆ. ಆ ಮಸಿಯ ಕೈಯಿಂದಲೇ ಬರೆಯುತ್ತಿದ್ದೇನೆ.

ಎಲ್ಲ ಕಡೆಯೂ ಹ್ಯಾಂಡ್ಲಿಂಗ್ ಇದೆ ಎಂದಿರಿ. ನಿನ್ನೆ ಚಿತ್ತಾಪುರಕ್ಕೆ ಹೋಗಿ ನಿಮ್ಮದೇ ಕಂಪನಿಯ ಟ್ರ್ಯಾಕ್ಟರ್ ಮಾರುವವರ ಬಳಿ ಕೇಳಿದೆ. ಅಲ್ಲಿದ್ದ ಮಾರಾಟದವನು ಮೊದಲು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿದ. ಯಾರೂ ಇರಲಿಲ್ಲ.

"ಮನ್ಯಾಗ ಗಂಡಸರು ಯಾರೂ ಬಂದಿಲ್ಲೇನವಾ?" ಎಂದ.

"ಹೆಣ್ಣಿಗೊಂದು ರೇಟ, ಗಂಡಿಗೊಂದು ರೇಟ ಐತೇನ್ರಿ ನಿಮ್ಮಲ್ಲಿ?" ಎಂದೆ.

ನಕ್ಕು ಕುರ್ಚಿ ಕೊಟ್ಟ. ಬಿಡಿ ಬೆಲೆ ಬೇಡ, ಮನೆಯ ಮುಂದೆ ನಿಲ್ಲಿಸುವವರೆಗೆ ಎಲ್ಲ ಸೇರಿ ಎಷ್ಟು ಎಂದು ಬರೆದು ಕೊಡಿ ಎಂದೆ. ಬರೆದು ಕೊಟ್ಟ. ಏಳು ಲಕ್ಷ ನಲವತ್ತೊಂಬತ್ತು ಸಾವಿರ. ಹ್ಯಾಂಡ್ಲಿಂಗ್ ಇಲ್ಲ, ಫೈಲ್ ಇಲ್ಲ, ತೊಳೆದದ್ದಕ್ಕೆ ಹಣ ಇಲ್ಲ. ಚೀಟಿಯ ನಕಲು ಲಗತ್ತಿಸಿದ್ದೇನೆ. ನೀವು ಬಿಟ್ಟೆವು ಎನ್ನುವ ಇಪ್ಪತ್ತೈದು ಸಾವಿರದಲ್ಲಿ ಹತ್ತೊಂಬತ್ತನ್ನು ಕೆಳಗಿನ ಸಾಲುಗಳಲ್ಲಿ ವಾಪಸ್ ಎತ್ತಿಕೊಂಡಿದ್ದೀರಿ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯನ್ನು ಕಿಸೆಗೆ ಹಾಕುವುದಕ್ಕೆ ರಿಯಾಯಿತಿ ಎಂಬ ಹೆಸರು ಇಟ್ಟವರು ಯಾರು?

ಮರಳುವಾಗ ವಾಡಿಯಲ್ಲಿ ಇಳಿದು ವಿಮೆಯ ಕಚೇರಿಯಲ್ಲಿ ಕೇಳಿದೆ. ನೀವು ಹದಿನೇಳೂವರೆ ಸಾವಿರ ಹಾಕಿದ ಅದೇ ವಿಮೆ ಅಲ್ಲಿ ಹದಿಮೂರು ಸಾವಿರದ ಇನ್ನೂರು. ವಿಮೆಯನ್ನು ನಿಮ್ಮಲ್ಲೇ ಮಾಡಿಸಬೇಕೆಂಬ ಕಾನೂನು ಎಲ್ಲಿದೆ, ತೋರಿಸಿ.

ಹೀಗಾಗಿ ನಮ್ಮ ಲೆಕ್ಕ: ನಿಮ್ಮ ಶೋರೂಮ್ ಬೆಲೆ, ನೋಂದಣಿ, ವಾಡಿಯ ವಿಮೆ. ಏಳು ಲಕ್ಷ ಮೂವತ್ತೈದು ಸಾವಿರದ ಇನ್ನೂರು. ಇದರ ಮೇಲೆ ಒಂದು ರೂಪಾಯಿ ಇಲ್ಲ.

ಅಪ್ಪ ನಕ್ಕರು, ಚಹಾ ಕುಡಿದರು ಎಂದು ಬರೆದಿದ್ದೀರಿ. ನಮ್ಮ ಜನ ನಿಮ್ಮ ಗಾಜಿನ ಬಾಗಿಲಿನೊಳಗೆ ಬಂದರೆ ಹೆದರಿಕೆಗೂ ನಗುತ್ತಾರೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಜಯಮಾಲಾ


ಸೇಡಂ
6 ಮೇ 2024, ಸೋಮವಾರ

ಕುಮಾರಿ ಜಯಮಾಲಾ ಅವರಿಗೆ,

ಚಿತ್ತಾಪುರದ ಚೀಟಿಯನ್ನು ಮಾಲಕರಿಗೆ ತೋರಿಸಿದೆ. ಸಾಲವಿಲ್ಲದ ಕಾರಣ ಫೈಲ್ ಚಾರ್ಜ್ ನಾಲ್ಕೂವರೆ ಸಾವಿರ ಬಿಡಲು ಒಪ್ಪಿದ್ದಾರೆ. ಏಳು ಲಕ್ಷ ಐವತ್ನಾಲ್ಕು ಸಾವಿರ. ಇದು ಕೊನೆಯ ಮಾತು. ವಿಮೆ ನಮ್ಮಲ್ಲಿಯದೇ. ನಾಳೆ ಟ್ರ್ಯಾಕ್ಟರ್ ಪಲ್ಟಿಯಾದರೆ ತಾವು ಓಡಿ ಬರುವುದು ವಾಡಿಗಲ್ಲ, ನಮ್ಮ ಬಾಗಿಲಿಗೆ.

ಶುಕ್ರವಾರ ಬಸವ ಜಯಂತಿ. ಆ ದಿನ ಹದಿನಾಲ್ಕು ಟ್ರ್ಯಾಕ್ಟರ್ ಹೊರಡಲಿವೆ. ಒಂಬತ್ತನೇ ತಾರೀಖಿನೊಳಗೆ ಬಾಕಿ ಹಣ ಬಂದರೆ ತಮ್ಮದೂ ಅದೇ ಸಾಲಿನಲ್ಲಿ ನಿಲ್ಲುತ್ತದೆ.

ಇನ್ನೊಂದು ವಿಷಯ. ತಮ್ಮ ತಂದೆಯವರು ಮೊನ್ನೆ ಶುಕ್ರವಾರ ಇಲ್ಲಿಗೆ ಬಂದಿದ್ದರು. ಏಳು ಲಕ್ಷ ಹತ್ತು ಸಾವಿರಕ್ಕೆ ಎಲ್ಲ ಮುಗಿದಿದೆ, ನೋಂದಣಿ, ವಿಮೆ ಎಲ್ಲ ಅದರೊಳಗೇ ಎಂದು ಹಠ ಹಿಡಿದರು. ಮೂರು ಗಂಟೆ ಕೂತರು. ನೀರು ಕೊಟ್ಟರೂ ಮುಟ್ಟಲಿಲ್ಲ. ಇದು ಯಾವ ಕರಪತ್ರದ ಪಾಠ? ತಾವು ಅಂಚೆಯಲ್ಲಿ ಒಂದು ಲೆಕ್ಕ ಕಳಿಸಿ, ಅವರ ಬಾಯಿಂದ ಇನ್ನೊಂದು ಲೆಕ್ಕ ಹೇಳಿಸಿದರೆ ನಾವು ಯಾವುದನ್ನು ನಂಬಬೇಕು? ಮನೆಯಲ್ಲಿ ಒಂದು ಮಾತಿಗೆ ಬನ್ನಿ.

ರಘುವೀರ


ಶಹಾಬಾದ
8 ಮೇ 2024, ಬುಧವಾರ

ರಘುವೀರ ಅವರಿಗೆ,

ನನ್ನನ್ನು ಎದುರಿಸಲಾಗದೆ ಈಗ ಅಪ್ಪನನ್ನು ತಿಳಿಗೇಡಿ ಮಾಡಲು ಹೊರಟಿದ್ದೀರಿ. ಗಾಡಿಗೆ ನೋಂದಣಿ ಬೇಕು, ವಿಮೆ ಬೇಕು ಎಂಬುದು ನಮ್ಮ ಓಣಿಯ ಎಲ್ಲರಿಗೂ ಗೊತ್ತು. ಅಪ್ಪ ಹಾಗೆ ಕೇಳುವವರಲ್ಲ. ಅವರನ್ನು ವಿಚಾರಿಸುವ ಅಗತ್ಯವೂ ನನಗಿಲ್ಲ. ನೀವು ಅವರ ಬಾಯಲ್ಲಿ ಹುಚ್ಚು ಮಾತು ಹಾಕಿ, ಅದನ್ನು ತೋರಿಸಿ ನನ್ನ ನ್ಯಾಯದ ಮಾತನ್ನೂ ಹುಚ್ಚು ಎನ್ನಲು ನೋಡುತ್ತಿದ್ದೀರಿ. ಮಾಲಕರ ಹಳೆಯ ಉಪಾಯ ಇದು. ಮೂರು ಕರಪತ್ರಗಳಲ್ಲಿ ಓದಿದ್ದೇನೆ.

ಆ ದಾರಿಯನ್ನು ಇಲ್ಲಿಗೇ ಮುಚ್ಚುತ್ತೇನೆ. ಏಳು ಲಕ್ಷ ಹತ್ತು ಸಾವಿರ ಶೋರೂಮ್ ಬೆಲೆ ಮಾತ್ರ. ನೋಂದಣಿ ಮತ್ತು ವಿಮೆಯ ಖರ್ಚು ನಮ್ಮದೇ ಎಂದು ನಮ್ಮ ತಂದೆಯ ಪರವಾಗಿ ಈ ಪತ್ರದ ಮೂಲಕ ಒಪ್ಪುತ್ತೇನೆ. ಹ್ಯಾಂಡ್ಲಿಂಗ್ ಮತ್ತು ತಯಾರಿಯ ಹದಿನಾಲ್ಕೂವರೆ ಸಾವಿರ ಕೊಡುವುದಿಲ್ಲ. ಅದನ್ನು ಹೊಡೆದುಹಾಕುವವರೆಗೆ ಬಸವ ಜಯಂತಿಯೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಹದಿನಾಲ್ಕು ಜನ ತಲೆ ಬಗ್ಗಿಸಿ ಒಯ್ದರೆ ಹದಿನೈದನೆಯವರು ಹಾಗೇ ಒಯ್ಯಬೇಕೆಂದಿಲ್ಲ.

ಜಯಮಾಲಾ ಹಣಮಂತರಾಯ


ಸೇಡಂ
15 ಮೇ 2024, ಬುಧವಾರ

ಕುಮಾರಿ ಜಯಮಾಲಾ ಅವರಿಗೆ,

ತಮ್ಮ ಪತ್ರ ಒಂಬತ್ತರ ಸಂಜೆ ಕೈಗೆ ಬಂತು. ಸರಿಯಾದ ಹೊತ್ತಿಗೆ ಬಂತು, ಅದಕ್ಕೆ ಮೊದಲು ಧನ್ಯವಾದ.

ಮರುದಿನ ಬೆಳಿಗ್ಗೆ ತಮ್ಮ ತಂದೆಯವರು ಬಂದರು. ತಮಗೆ ಹೇಳಿರಲಿಕ್ಕಿಲ್ಲ. ಜೊತೆಗೆ ಇಬ್ಬರು ಬೀಗರು, ಒಂದು ಚೀಲದಲ್ಲಿ ತೆಂಗಿನಕಾಯಿ, ಕುಂಕುಮ, ಎಂಜಿನ್ನಿಗೆ ಹಾಕಲು ಮೊಳಗಟ್ಟಲೆ ಚೆಂಡುಹೂವಿನ ಮಾಲೆ. ಕಿಸೆಯಲ್ಲಿ ಆರು ಲಕ್ಷ ಹತ್ತು ಸಾವಿರದ ಚೆಕ್ಕು. ಮುಂಗಡ ಸೇರಿ ಏಳು ಹತ್ತು, ಎಲ್ಲ ಮುಗೀತು, ಕೀಲಿ ಕೊಡ್ರಿ ಎಂದರು. ಅಂಗಳದ ತುಂಬ ಜನ. ಅಷ್ಟು ಜನರ ನಡುವೆ ನಾನು ಎಷ್ಟು ಸಲ ಲೆಕ್ಕ ಹೇಳಲಿ?

"ನಿಮ್ಮ ಮಗಳೇ ಬರದು ಕಳಿಸ್ಯಾಳ, ಕೇಳ್ರಿ" ಎಂದು ತಮ್ಮ ಪತ್ರದ ಆ ಭಾಗ ಓದಿ ಹೇಳಿದೆ. ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಕಾಗದ ಕೇಳಿ ಇಸಿದುಕೊಂಡು ಸಹಿಯನ್ನು ಬಹಳ ಹೊತ್ತು ನೋಡಿದರು.

"ಅಕ್ಷರ ಆಕಿದೇ ಅದ" ಎಂದರು. ಕಾಗದ ವಾಪಸ್ ಕೊಟ್ಟು ಹೊರಟರು. ಬೀಗರು ಏನೋ ಜಗಳಕ್ಕೆ ಬಂದರು, ಅವರೇ ಬೇಡ ಎಂದು ಕರೆದುಕೊಂಡು ಹೋದರು. ಮಾಲೆಯನ್ನು ಕೈಯಲ್ಲೇ ಹಿಡಿದುಕೊಂಡು ಸುಲೇಪೇಟ ಬಸ್ಸು ಹತ್ತಿದರು.

ಕಾಗದದ ಮೇಲೆ ಇಲ್ಲದ ಮಾತು ಮಾತೇ ಅಲ್ಲ ಎಂದು ಕಲಿಸಿದವರು ತಾವೇ. ಈಗ ಕಾಗದ ನಮ್ಮ ಫೈಲಿನಲ್ಲಿದೆ, ತಮ್ಮ ಸಹಿಯೊಂದಿಗೆ. ಬಾಕಿ ಆರು ಲಕ್ಷ ಐವತ್ನಾಲ್ಕು ಸಾವಿರ. ಮೇ ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಬುಕಿಂಗ್ ರದ್ದು, ಮುಂಗಡದಲ್ಲಿ ಇಪ್ಪತ್ತೈದು ಸಾವಿರ ಕಡಿತ. ಅದೂ ರಸೀದಿಯ ಹಿಂದೆ ಅಚ್ಚಾಗಿದೆ. ಓದುವ ಹವ್ಯಾಸ ಇದೆಯಲ್ಲ, ತಿರುವಿ ನೋಡಿ.

ರಘುವೀರ


ಸುಲೇಪೇಟ
27 ಮೇ 2024, ಸೋಮವಾರ

ರಘುವೀರ ಅವರೇ,

ನಿಮ್ಮ ಪತ್ರ ಓದಿದ ಸಂಜೆಯೇ ಇಸಾಕ ಅವರಲ್ಲಿ ರಜೆ ಕೇಳಿ ಊರಿಗೆ ಬಂದೆ. ಹತ್ತು ದಿನ ಉತ್ತರ ಬರೆಯಲಿಲ್ಲ.

ಅಪ್ಪ ನನ್ನನ್ನು ಬೈಯಲಿಲ್ಲ. ಊಟ ಮಾಡಿದಿಯಾ ಎಂದು ಕೇಳಿದರು, ದನದ ಕೊಟ್ಟಿಗೆಗೆ ಹೋದರು. ಎತ್ತು ಇಲ್ಲದ ಕೊಟ್ಟಿಗೆಯನ್ನು ಎರಡು ದಿನ ಗುಡಿಸಿದರು. ಮೂರನೇ ದಿನ ಅವ್ವ ತಡೆಯಲಾರದೆ ನನಗೆ ಹೇಳಿದಳು, ನಿಮ್ಮಪ್ಪ ಭೀಮಶ್ಯಾನ ಜೊತೆ ಟವೆಲ್ ಕೆಳಗೆ ಬೆಲೆ ಮುಗಿಸಿ ಬಂದವರು, ಗೊತ್ತಿಲ್ಲವೇ ಎಂದು. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.

ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿಂದ ಬೆಲೆ ಹೇಳುವುದಿಲ್ಲ. ದಲಾಲ ಮತ್ತು ಕೊಳ್ಳುವವನು ಕೈ ಹಿಡಿಯುತ್ತಾರೆ, ಮೇಲೆ ಟವೆಲ್ ಹಾಕುತ್ತಾರೆ, ಒಳಗೆ ಬೆರಳು ಒತ್ತಿ ಬೆಲೆ ಕೇಳುತ್ತಾರೆ, ಕೊಡುತ್ತಾರೆ. ಸುತ್ತ ನಿಂತವರಿಗೆ ತಿಳಿಯದು. ಕೊನೆಗೆ ಕೈ ಅಲುಗಿಸಿದರೆ ಮುಗಿಯಿತು. ಆಮೇಲೆ ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಚಿಕ್ಕವಳಿದ್ದಾಗ ಸಂತೆಯಲ್ಲಿ ಇದನ್ನು ನೂರು ಸಲ ನೋಡಿದ್ದೇನೆ. ದೊಡ್ಡವಳಾದ ಮೇಲೆ ಇದು ಹಿಂದುಳಿದವರ ಪದ್ಧತಿ, ಕತ್ತಲ ವ್ಯವಹಾರ ಎಂದು ಓದಿದೆ, ನಾಚಿಕೊಂಡೆ. ಅದಕ್ಕೇ ಅಪ್ಪ ನನಗೆ ಹೇಳಲಿಲ್ಲ. ಆರನೇ ತಾರೀಖಿನ ನಿಮ್ಮ ಪತ್ರ ಬಂದ ದಿನ ನಾನು ಅವರಿಗೆ ಫೋನ್ ಮಾಡಿದ್ದೆ. ಏಳು ಹತ್ತರಲ್ಲಿ ಎಲ್ಲ ಬಂತು ಎಂದಿರೇನು ಎಂದು ಕೇಳಿದ್ದೆ. ಆ ಮಾತು ಬಿಡು ಮಗಳೇ ಎಂದಿದ್ದರು. ಅದನ್ನು ನಾನು ಇಲ್ಲ ಎಂದು ಅರ್ಥ ಮಾಡಿಕೊಂಡೆ. ವಿಚಾರಿಸುವ ಅಗತ್ಯವಿಲ್ಲ ಎಂದು ನಿಮಗೆ ಬರೆದದ್ದು ಸುಳ್ಳು. ವಿಚಾರಿಸಿದ್ದೆ, ಕೇಳಿಸಿಕೊಳ್ಳಲಿಲ್ಲ.

ನಾನು ಅಪ್ಪನಿಗೆ ವಾದ ಹೇಳಿದೆ. ಎತ್ತು ಬೇರೆ, ಟ್ರ್ಯಾಕ್ಟರ್ ಬೇರೆ, ಅದಕ್ಕೆ ನೋಂದಣಿ, ವಿಮೆ ಇರುತ್ತದೆ ಎಂದೆ. ಅವರು ಕೇಳಿದ್ದು ಇಷ್ಟೇ:

"ಎತ್ತಿನ ರೇಟ ಮುಗದ ಮ್ಯಾಲ ಕೊಂಬಿಗಿ ಬ್ಯಾರೆ, ಬಾಲಕ್ಕ ಬ್ಯಾರೆ ರೊಕ್ಕ ಕೇಳ್ತಾರೇನ ಮಗಳ? ದಾರ್ಯಾಗ ನಡಸಾಕ ಏನೇನು ಬೇಕೋ ಎಲ್ಲಾ ಸೇರಿಸೇ ನಾ ಬೆರಳು ಒತ್ತೀನಿ. ಅಂವನೂ ಒತ್ತ್ಯಾನ."

ಸಹಿ ಏಕೆ ಮಾಡಿದಿರಿ ಎಂದೆ. ಬೆಲೆ ಹೊರಗೇ ಮುಗಿದಿತ್ತು, ಒಳಗಿನ ಕಾಗದ ಸರ್ಕಾರಕ್ಕೆ ಬೇಕಾದದ್ದು ಎಂದು ಭೀಮಶ್ಯಾ ಹೇಳಿದನಂತೆ. ಅಪ್ಪ ಓದದೆ ಸಹಿ ಮಾಡಿದರು.

ಈಗ ನಿಮ್ಮ ವಿಷಯ. ಸಂತೆಯಲ್ಲಿ ದಲಾಲನಾಗಿದ್ದ ಮನುಷ್ಯನನ್ನು ನೀವು ನೌಕರಿಗೆ ಇಟ್ಟುಕೊಂಡಿದ್ದೀರಿ. ಗಾಜಿನ ಬಾಗಿಲಿನ ಹೊರಗೆ ಅವನಿಗೆ ಬೆಂಚು ಹಾಕಿದ್ದೀರಿ. ಯಾರು ಎತ್ತು ಮಾರಿ ಟ್ರ್ಯಾಕ್ಟರಿಗೆ ಬರುತ್ತಾರೋ ಅವರನ್ನು ಅಲ್ಲಿ ಕೂರಿಸುತ್ತೀರಿ, ಏಕೆಂದರೆ ಆ ಬೆಂಚಿನ ಮೇಲೆ ಅವರು ಹೆದರುವುದಿಲ್ಲ. ಅವರು ನಗುವುದು ಅದಕ್ಕೆ. ನಾನು ಅದನ್ನು ಹೆದರಿಕೆಯ ನಗು ಎಂದು ಬರೆದೆ, ಅದೂ ತಪ್ಪು. ಅಪ್ಪ ನಿಜವಾಗಿಯೇ ನಕ್ಕಿದ್ದರು. ಒಳ್ಳೆಯ ಬೆಲೆಗೆ ಮುಗಿಸಿದೆ ಎಂದು ನಕ್ಕಿದ್ದರು. ಹೊರಗೆ ಅವರ ಪಾಲಿಗೆ ಕೊನೆಯಾದ ಬೆಲೆ, ಒಳಗೆ ನಿಮ್ಮ ಪೆನ್ನಿಗೆ ಮೊದಲ ಸಾಲು. ನಿಮ್ಮ ವ್ಯಾಪಾರದ ಮರ್ಮವೇ ಇದು. ಹ್ಯಾಂಡ್ಲಿಂಗ್ ಚಾರ್ಜ್ ಅದರ ಮುಂದೆ ಚಿಲ್ಲರೆ ಕಳ್ಳತನ.

ಮೇ ಎಂಟರ ಪತ್ರದಲ್ಲಿ ನಾನು ಒಪ್ಪಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಆ ಒಪ್ಪಿಗೆ ಕೊಡುವ ಹಕ್ಕು ನನಗಿರಲಿಲ್ಲ. ನನ್ನ ಕಾಗದವನ್ನು ಅಪ್ಪನ ಎದುರು, ಊರ ಜನರ ಎದುರು ಎರಡು ಸಲ ಓದಿದ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ಬರೆದು ಕೊಟ್ಟ ನನ್ನನ್ನೂ.

ಏಳು ಲಕ್ಷ ಹತ್ತು ಸಾವಿರಕ್ಕೆ ಟ್ರ್ಯಾಕ್ಟರ್ ಕೊಡಿ. ಇಲ್ಲದಿದ್ದರೆ ಲಕ್ಷ ರೂಪಾಯಿ ಕಡಿತವಿಲ್ಲದೆ ವಾಪಸ್ ಕೊಡಿ, ಬಿತ್ತನೆಗೆ ಮೊದಲು ಎತ್ತು ತರುತ್ತೇವೆ. ನಿಮ್ಮ ಆ ಭೀಮಶ್ಯಾನಿಗೂ ಹೇಳಿ, ಸಂತೆಯಲ್ಲಿ ಗಳಿಸಿದ ಹೆಸರನ್ನು ನಿಮಗೆ ಎಷ್ಟಕ್ಕೆ ಮಾರಿದ ಎಂದು ಕೇಳಿದೆನೆಂದು.

ಜಯಮಾಲಾ


ಸೇಡಂ
1 ಜೂನ್ 2024, ಶನಿವಾರ

ತಂಗಿ,

ಇನ್ನು ಗೌರವಾನ್ವಿತ ಎಂದು ಬರೆಯುವ ತಾಳ್ಮೆ ನನಗಿಲ್ಲ.

ಟವೆಲ್ ಅಂತೆ. ಗ್ರಾಹಕರ ಕೋರ್ಟಿನಲ್ಲಿ ಹೋಗಿ ಹೇಳು, ಟವೆಲ್ ಕೆಳಗೆ ಏಳು ಬೆರಳು ಒತ್ತಿದರು ಎಂದು. ಕಂಡವರು ಯಾರು ಎಂದು ಕೇಳುತ್ತಾರೆ. ಕಾಣಬಾರದೆಂದೇ ಅಲ್ಲವೇ ಟವೆಲ್ ಹಾಕುವುದು?

ಕಂಪನಿ ನಮಗೆ ಒಂದು ಗಾಡಿಗೆ ಬಿಡುವ ಲಾಭ ಎಷ್ಟು ಎಂದು ನಿನ್ನ ಕರಪತ್ರದಲ್ಲಿ ಬರೆದಿರುವುದಿಲ್ಲ. ಅದರಲ್ಲಿ ಬಹುಪಾಲನ್ನು ಬೆಲೆಯಲ್ಲೇ ಬಿಟ್ಟಾಯಿತು. ಆ ಹ್ಯಾಂಡ್ಲಿಂಗ್ ಚಾರ್ಜಿನಿಂದಲೇ ಇಬ್ಬರು ಮೆಕ್ಯಾನಿಕರ ಸಂಬಳ ಹೋಗುತ್ತದೆ, ಭೀಮಶ್ಯಾನ ಸಂಬಳವೂ ಹೋಗುತ್ತದೆ. ನಾನು ಬೆಳಿಗ್ಗೆ ಒಂಬತ್ತರಿಂದ ಇಲ್ಲಿ ಕೂತು ಎಲ್ಲರಿಂದ ಕಳ್ಳ ಎನ್ನಿಸಿಕೊಳ್ಳುವುದು ನನ್ನ ಮನೆಗೆ ಬಂಗಾರ ಒಯ್ಯುವುದಕ್ಕಲ್ಲ. ಆ ಬೆಂಚು ಹಾಕಿಸಿದ್ದು ಮಾಲಕರು. ಹಳ್ಳಿಯವರಿಗೆ ಭೀಮಶ್ಯಾನೇ ಬೆಲೆ ಮುಗಿಸಲಿ ಎಂದು ಹೇಳಿದ್ದೂ ಅವರೇ. ಶೋರೂಮ್ ಬೆಲೆ ಮಾತ್ರ ಮುಗಿಸು ಎಂದು ನಾನು ಅವನಿಗೆ ಹೇಳಿದ್ದೇನೆ. ಅವನು ಬೆರಳಿನಲ್ಲಿ ಏನು ಹೇಳಿದ ಎಂದು ನನಗೆ ಹೇಗೆ ತಿಳಿಯಬೇಕು?

ಎಲ್ಲ ಸೇರಿ ಏಳು ಹತ್ತು ಎಂದು ಅವನು ಕೊಟ್ಟಿದ್ದರೆ ಅದು ಅವನ ತಪ್ಪು, ಶೋರೂಮಿನದಲ್ಲ. ಹಾಗೆಂದು ಅವನ ಸಹಿ ಹಾಕಿಸಿ ನನಗೆ ಕಾಗದ ಕಳಿಸು. ಕಾಗದ ಬಂದ ದಿನವೇ ಅವನನ್ನು ನೌಕರಿಯಿಂದ ತೆಗೆಯುತ್ತೇನೆ, ನಿನ್ನ ಅಪ್ಪನ ಲೆಕ್ಕವನ್ನು ಮಾಲಕರ ಮುಂದೆ ಇಡುತ್ತೇನೆ. ಐವತ್ತೆಂಟು ವರ್ಷದ ಮನುಷ್ಯ, ಸಂತೆ ಬಿಟ್ಟು ಬಂದವನು. ನ್ಯಾಯ ಬೇಕಲ್ಲ ನಿನಗೆ, ಬರೆಸಿಕೋ.

ಬರೆಸಿಕೊಳ್ಳುವುದಿಲ್ಲ ಎಂದಾದರೆ, ಮೇ ತಿಂಗಳ ಗಡುವು ಮೀರಿದರೂ, ಜೂನ್ ಹತ್ತರ ಸಂಜೆಯವರೆಗೆ ನಿಮ್ಮ ಬುಕಿಂಗ್ ಇರುತ್ತದೆ. ಆಮೇಲೆ ಆ ಗಾಡಿ ಕೋಡ್ಲಾದ ಒಬ್ಬರಿಗೆ ಹೋಗುತ್ತದೆ.

ರಘುವೀರ


ಸುಲೇಪೇಟ
5 ಜೂನ್ 2024, ಬುಧವಾರ

ರಘುವೀರ ಅವರೇ,

ನೀವು ಕೇಳಿದ ಕಾಗದ ಈ ಲಕೋಟೆಯಲ್ಲಿ ಇಲ್ಲ.

ಭೀಮಶ್ಯಾ ಅವರು ನಿನ್ನೆ ನಮ್ಮ ಮನೆಗೆ ಬಂದರು. ನಾನು ಅವರನ್ನು ಏಕವಚನದಲ್ಲಿ ಬರೆದಿದ್ದೆ, ಹಾಗೆ ಬರೆಯಬಾರದಿತ್ತು. ಆ ದಿನ ಅವರು ಗಿರಾಕಿ ಹುಡುಕಲು ದನದ ಸಂತೆಗೆ ಹೋಗಿದ್ದರಂತೆ. ಮೂವರು ಪರಿಚಯದವರ ಮುಂದೆ ಕೈ ಚಾಚಿ ಟವೆಲ್ ತೆಗೆದಿದ್ದಾರೆ. ಒಬ್ಬರು ತಂಬಾಕು ತಿಕ್ಕುತ್ತ ನಿಂತರು. ಇನ್ನೊಬ್ಬರು ಎತ್ತಿನ ಹಲ್ಲು ನೋಡುತ್ತ ಬೆನ್ನು ತಿರುಗಿಸಿದರು. ಮೂರನೆಯವರು ಮಾತ್ರ ಬಾಯಿ ಬಿಟ್ಟರಂತೆ, ನಿನ್ನ ಕೈ ಹಿಡಿದರೆ ಆಮೇಲೆ ಸೇಡಂನಲ್ಲಿ ಬೆರಳಿಗೊಂದು ಚಾರ್ಜ್ ಕೊಡಬೇಕಲ್ಲ ಎಂದು. ಸಂತೆಯೆಲ್ಲ ನಕ್ಕಿತಂತೆ.

ನಾನು ಯಾರಿಗೂ ಹೇಳಿಲ್ಲ. ಕರಪತ್ರ ಮಾಡಿಸಿಲ್ಲ, ಅಪ್ಪ ಬಾಯಿ ಬಿಟ್ಟಿಲ್ಲ. ಬಸವ ಜಯಂತಿಯ ದಿನ ಟ್ರ್ಯಾಕ್ಟರ್ ಇಲ್ಲದೆ ಮಾಲೆ ಹಿಡಿದು ಬಸ್ಸು ಇಳಿದವರನ್ನು ಊರು ನೋಡಿದೆ. ಅಷ್ಟು ಸಾಕಾಯಿತು. ಮೂವತ್ತು ವರ್ಷ ದಲಾಲಿ ಮಾಡಿದ ಮನುಷ್ಯನ ಕೈಯನ್ನು ಒಂದೇ ದಿನದಲ್ಲಿ ಯಾರೂ ಹಿಡಿಯದಂತಾಯಿತು. ಇನ್ನು ಚಿಂಚೋಳಿ ತಾಲೂಕಿನಲ್ಲಿ ನಿಮ್ಮ ಬೆಂಚಿನ ಮೇಲೆ ಯಾರು ಬಂದು ಕೂರುತ್ತಾರೋ ನೀವೇ ನೋಡಿ.

ಅವರು ಅಂಗಳದಲ್ಲಿ ನಿಂತೇ ಇದ್ದರು. ಅಪ್ಪ "ಕುಂದ್ರು ಭೀಮಶ್ಯಾ" ಎಂದ ಮೇಲೆ ಕೂತರು.

"ಹಣಮಂತಣ್ಣ, ನಾ ಬೆರಳಿನ್ಯಾಗ ಕೊಟ್ಟಿದ್ದು ಪೂರಾ ರೇಟ. ಒಳಗ ಹೋಗಿ ಹಂಗೇ ಹೇಳೀನಿ. ಬರಿಯೋದು ನಮ್ಮ ಕೆಲಸ, ನೀ ಹೊರಗ ಕುಂದ್ರು ಅಂದ್ರು. ಕಾಗದ ಸರ್ಕಾರದ್ದು ಅಂತ ಅವರು ಹೇಳಿದ್ದನ್ನೇ ನಿನಗ ಹೇಳೀನಿ. ಬಸವ ಜಯಂತಿ ದಿನ ನಿನ್ನ ಮುಖ ನೋಡಾಕ ಆಗಲಿಲ್ಲ. ವರ್ಕ್‌ಶಾಪಿನ ಹಿಂದ ನಿಂತಿದ್ದೆ."

ನನ್ನ ಮುಂದೆ ಬಿಳಿ ಕಾಗದ ಇತ್ತು, ಪೆನ್ನು ಇತ್ತು. ಅವರು ಹೇಳಿದ್ದನ್ನು ಬರೆದು ಮುಂದಿಟ್ಟಿದ್ದರೆ ಸಹಿ ಮಾಡುತ್ತಿದ್ದರು. ಅದಕ್ಕೆಂದೇ ಬಂದಿದ್ದರು. ನೌಕರಿ ಹೋದರೆ ಹೋಗಲಿ ಎಂದೂ ಅಂದರು. ಅಪ್ಪ ನನ್ನ ಕಡೆ ನೋಡಿದರು. ನಾನು ಕಾಗದ ಮಡಚಿ ಒಳಗೆ ಹೋಗಿ ಚಹಾ ಇಟ್ಟೆ. ನಿಮ್ಮ ಲೆಕ್ಕದಲ್ಲಿ ಇದು ನನ್ನ ಸೋಲು, ನನ್ನ ಕರಪತ್ರಗಳ ಲೆಕ್ಕದಲ್ಲೂ ಬಹುಶಃ ಸೋಲೇ. ಆಗಲಿ. ನಿಮ್ಮ ತಪ್ಪಿನ ಬೆಲೆಯನ್ನು ಅವರ ಸಂಬಳದಿಂದ ಕಟ್ಟಿಸಿ, ಅದರಿಂದ ಬಂದ ಟ್ರ್ಯಾಕ್ಟರಿನಲ್ಲಿ ಅಪ್ಪ ತೊಗರಿ ಬಿತ್ತುವುದಿಲ್ಲ.

ಆದರೆ ನೀವು ಬರೆದದ್ದು ನನ್ನ ಬಳಿ ಇದೆ. ಹಳ್ಳಿಯವರಿಗೆ ಭೀಮಶ್ಯಾನೇ ಬೆಲೆ ಮುಗಿಸಲಿ ಎಂದು ನಿಮ್ಮ ಮಾಲಕರು ಹೇಳಿದ್ದಾರೆ ಎಂದು ಜೂನ್ ಒಂದರಂದು ನಿಮ್ಮ ಕೈಯಿಂದಲೇ ಬರೆದಿದ್ದೀರಿ. ಅಂದರೆ ಅಲ್ಲಿ ಬೆಲೆ ಮುಗಿಸಿದ್ದು ಶೋರೂಮ್. ಕೊಟ್ಟ ಮಾತು ಮಾಲಕರದು, ಆ ಮಾತಿಗೆ ಕೈ ಮಾತ್ರ ಭೀಮಶ್ಯಾ ಅವರದು. ಆ ಪತ್ರದ ಮೂರು ನಕಲು ತೆಗೆದಿದ್ದೇನೆ. ಒಂದು ನಿಮ್ಮ ಮಾಲಕರಿಗೆ ಇಂದೇ ಹೋಗುತ್ತಿದೆ, ಒಂದು ಟ್ರ್ಯಾಕ್ಟರ್ ಕಂಪನಿಗೆ. ಮೂರನೆಯದನ್ನು ಗ್ರಾಹಕರ ಆಯೋಗಕ್ಕೆ ಬರೆದ ದೂರಿಗೆ ಹಚ್ಚಿದ್ದೇನೆ. ಜೂನ್ ಹನ್ನೊಂದರ ಮಂಗಳವಾರ ಅದನ್ನು ಹಿಡಿದು ಕಲಬುರಗಿಗೆ ಹೋಗುವುದೋ ಬೇಡವೋ ಎಂಬುದು ನಿಮ್ಮ ಕೈಯಲ್ಲಿದೆ. ಬಸವ ಜಯಂತಿಯ ದಿನ ನೀವು ಕೊಟ್ಟ ಹದಿನಾಲ್ಕು ಗಾಡಿಗಳಲ್ಲಿ ಆರು ಈ ಭಾಗದವು. ಆ ಆರು ಮನೆಗಳಿಗೂ ಹೋಗಿ ಬಂದೆ. ಆರು ಬಿಲ್ಲುಗಳಲ್ಲಿ ಹ್ಯಾಂಡ್ಲಿಂಗ್ ಆರು ಬೇರೆ ಬೇರೆ ಮೊತ್ತ. ಲಾರಿಯಿಂದ ಇಳಿಸುವ ಕೂಲಿ ಗಿರಾಕಿಯ ಮುಖ ನೋಡಿ ಏರುತ್ತದೆಯೇ ಎಂದು ಅವರೂ ಬಂದು ಕೇಳಲಿದ್ದಾರೆ.

ಬಿತ್ತನೆಯ ಮಿರಗದ ಮಳೆ ಹತ್ತಿರ ಬಂತು. ಪಕ್ಕದ ಹೊಲದವರು ಎರಡು ದಿನಕ್ಕೆ ತಮ್ಮ ಎತ್ತು ಕೊಡುತ್ತೇವೆ ಎಂದಿದ್ದಾರೆ, ಅಪ್ಪ ಇನ್ನೂ ಹೂಂ ಎಂದಿಲ್ಲ. ಆದ್ದರಿಂದ ಇನ್ನೊಂದು ಪತ್ರಕ್ಕೆ ಕಾಯುವುದಿಲ್ಲ, ನೀವೂ ಬರೆಯಬೇಡಿ. ನಾವೇ ಬರುತ್ತಿದ್ದೇವೆ. ಅಪ್ಪ, ನಾನು, ಆ ಆರು ಜನ. ನಿಮ್ಮ ಮಾಲಕರೂ ಅಲ್ಲಿರಬೇಕು. ಭೀಮಶ್ಯಾ ಅವರನ್ನು ಆ ದಿನ ಬೇರೆ ಹಳ್ಳಿಗೆ ಕಳಿಸಬೇಡಿ, ಕಳಿಸಿದರೂ ಹೋಗುವುದಿಲ್ಲ ಎಂದಿದ್ದಾರೆ.

ಅಪ್ಪ ನಿಮಗೆ ಒಂದೇ ಮಾತು ಬರೆಯಲು ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ:

"ಕೀಲಿ ಕೊಟ್ರ ಕೀಲಿ ಕೊಡ್ಲಿ, ಇಲ್ಲಂದ್ರ ನನ್ನ ಲಕ್ಷ ರೂಪಾಯಿ ಕೊಡ್ಲಿ. ಯಾವುದು ಕೊಟ್ರೂ ಭೀಮಶ್ಯಾನ ಕೈಲಿಂದ ಕೊಡಿಸ್ಲಿ, ಮಂದಿ ಮುಂದ."

ಜೂನ್ ಹತ್ತು, ಸೋಮವಾರ. ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಮ್ಮ ಶೋರೂಮಿನಲ್ಲಿ.

ಜಯಮಾಲಾ ಹಣಮಂತರಾಯ